ಅಮೃತಾ ಫೋಟೋಗ್ರಫಿ

ಫ್ಲೆಕ್ಸ್ ಅಂಗಡಿಯ ಮೈಮುನಬಿ ಅಚ್ಚು ತೆಗೆದುಕೊಟ್ಟ ಮಾದರಿ ಕಾರ್ಡನ್ನು ಶಿವಲೀಲಾ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ತಂದಳು. ಎಲ್ಲರೂ ಕೂತಿದ್ದಾಗ ತೋರಿಸಿದರೆ ಮಾತು ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಅವಳ ಎಣಿಕೆ. ಕೊಪ್ಪಳದ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವುದು ಭಾನುವಾರ ಮಾತ್ರ. ಉಳಿದ ದಿನ ಅಪ್ಪ ಈಶಪ್ಪ ಕಿರಾಣಿ ಅಂಗಡಿಯಲ್ಲಿ, ತಮ್ಮ ಶರಣಕುಮಾರ ಕಬ್ಬಿಣದ ಕಾರ್ಖಾನೆಯ ಪಾಳಿಯಲ್ಲಿ.

ಬಿಳಿಯ ಕಾರ್ಡು. ಎಡಗಡೆ ಒಂದೇ ಗೆರೆಯಲ್ಲಿ ಎಳೆದ ತೊಟ್ಟಿಲು. ಅದನ್ನು ಶಿವಲೀಲಾಳೇ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದಳು. ಬಲಗಡೆ ದುಂಡನೆಯ ಅಕ್ಷರದಲ್ಲಿ ‘ಶಿವಲೀಲಾ ಫೋಟೋಗ್ರಫಿ’. ಕೆಳಗೆ ಸಣ್ಣದಾಗಿ, ‘ಕುಬಸ, ತೊಟ್ಟಿಲು, ಆರತಿ. ಹೆಣ್ಣುಮಕ್ಕಳ ಕಾರ್ಯಕ್ರಮಕ್ಕೆ ಹೆಣ್ಣುಮಗಳೇ ಬರುತ್ತಾಳೆ.’ ಮೈಮುನಬಿ ಮೊದಲು ಗುಲಾಬಿ ಹೂವು, ನವಿಲುಗರಿ, ಬಂಗಾರದ ಅಂಚು ಎಲ್ಲ ತೋರಿಸಿದ್ದಳು. ಶಿವಲೀಲಾ ಒಂದನ್ನೂ ಒಪ್ಪಿರಲಿಲ್ಲ. “ಇಷ್ಟ ಖಾಲಿ ಬಿಟ್ರ ಮಂದಿ ನನ್ನ ಮಷೀನಿನ್ಯಾಗ ಬಣ್ಣ ತೀರೇತಿ ಅಂತಾರಕ್ಕಾ,” ಎಂದು ಮೈಮುನಬಿ ನಕ್ಕಿದ್ದಳು.

ಶರಣಕುಮಾರ ಎಡಗೈಯಲ್ಲಿ ಕಾರ್ಡು ಹಿಡಿದು ನೋಡಿದ. “ಛಲೋ ಆಗೇತಿ ಅಕ್ಕಾ. ಮೊಬೈಲ್ ನಂಬರ್ ಸ್ವಲ್ಪ ದೊಡ್ಡದಿರಬೇಕಿತ್ತು.”

ಅವನ ಹೆಂಡತಿ ಅಮೃತಾ ರೊಟ್ಟಿ ಬಡಿಸುತ್ತಿದ್ದವಳು ಬಗ್ಗಿ ನೋಡಿದಳು. “ತೊಟ್ಟಿಲು ಎಷ್ಟ ಚಂದ ಬಂದೈತ್ರಿ ಅಕ್ಕಾರ! ಒಂದ ಕೆಲಸ ಮಾಡೋಣ್ರಿ. ನಮ್ಮ ಓಣ್ಯಾಗ ಯಾರರ ಬಸರಿಗಿ ಕುಬಸ ಮಾಡಿದ್ರ, ಉಡಿ ತುಂಬೋ ಮುಂದ ಒಂದೊಂದು ಕಾರ್ಡ್ ಉಡ್ಯಾಗ ಹಾಕ್ಸೋಣು. ಅಕ್ಕಿ, ಕೊಬ್ಬರಿ ಜೋಡಿ ಎಲ್ಲಾ ಮುತ್ತೈದೇರ ಮನಿಗೂ ಹೋಗಿ ಮುಟ್ಟತೈತಿ.”

ಒಳ್ಳೆಯ ಮಾತೇ ಆಗಿತ್ತು. ಈಶಪ್ಪ ಕೂಡ ತಲೆ ಎತ್ತಿ, “ಹುಡುಗಿ ವ್ಯಾಪಾರ ತಿಳಕೊಂಡಾಳ,” ಎಂದ. ತಾಯಿ ಶೇಖರಮ್ಮ ಮಾತ್ರ ಪಲ್ಯದ ಬೋಗುಣಿ ಕೆಳಗಿಟ್ಟಳು.

“ಉಡ್ಯಾಗ ಹಾಕೋದಾದ್ರ ಆ ಹೆಸರ ನಡ್ಯಂಗಿಲ್ಲ.”

“ಯಾವ ಹೆಸರಬೇ?” ಶಿವಲೀಲಾ ಕೇಳಿದಳು.

“ನಿಂದ.”

ಶಿವಲೀಲಾಳ ಗಂಡ ಕಲ್ಲೇಶ ಕುಷ್ಟಗಿಯಲ್ಲಿ ಸ್ಟುಡಿಯೋ ಇಟ್ಟಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೊತ್ತು ಹೋಗಲೆಂದು ಕ್ಯಾಮೆರಾ ಹಿಡಿಯಲು ಕಲಿಸಿದ್ದ. ಹೆಂಗಸರ ಕಾರ್ಯಕ್ರಮಗಳಿಗೆ ಅವಳನ್ನೇ ಕಳಿಸುತ್ತಿದ್ದ. ಎರಡು ವರ್ಷದ ಹಿಂದೆ ಕಾಮಾಲೆಯಿಂದ ಅವನು ತೀರಿಕೊಂಡ ಮೇಲೆ ಮೈದುನ ಸ್ಟುಡಿಯೋ ತನ್ನದು ಮಾಡಿಕೊಂಡ. ಶಿವಲೀಲಾ ಒಂದು ಟ್ರಂಕು, ಆ ಕ್ಯಾಮೆರಾ ಹಿಡಿದುಕೊಂಡು ತವರಿಗೆ ಬಂದಳು.

“ಫೋಟೋ ತಗಿಯಾಕ ನಾ ಹೋಗಬಹುದು, ನನ್ನ ಹೆಸರ ಹೋಗಬಾರದೇನು?”

“ನೀ ಹೋದ್ರ ಕ್ಯಾಮೆರಾದ ಹಿಂದ ಇರ್ತಿ. ಹೆಸರ ಮುಂದ ಇರ್ತೈತಿ,” ಎಂದಳು ಶೇಖರಮ್ಮ. “ಉಡಿ ಬಿಚ್ಚಿದ ಕೂಡಲೆ ಇದ್ಯಾರ ಹೆಸರು ಅಂತಾರ. ಕುಷ್ಟಗಿ ಕಲ್ಲೇಶಪ್ಪನ ಹೆಣ್ತಿ, ಗಂಡ ಹೋದಾಕಿ ಅಂತ ಯಾರರ ಒಬ್ಬಾಕಿ ಅಂದ್ರ ಮುಗೀತು. ಹಡದಾಕಿ ಅದೀನಿ ನಾ. ಬ್ಯಾರೇರ ಬಾಯಾಗ ಕೇಳೋದಕ್ಕಿಂತ ನನ್ನ ಬಾಯಾಗ ಕೇಳು.”

“ಕೇಳಿದ್ನೆಲ್ಲ.”

“ಊಟದ ಮುಂದ ಬ್ಯಾಡ,” ಎಂದ ಈಶಪ್ಪ. “ಹೆಸರಿನ್ಯಾಗ ಏನೈತಿ ಲೀಲಾ? ನಮ್ಮ ಅಂಗಡಿ ಬೋರ್ಡಿನ ಮ್ಯಾಲ ನನ್ನ ಹೆಸರೈತೇನು? ನಮ್ಮಪ್ಪಂದೈತಿ. ವ್ಯಾಪಾರ ನಡ್ಯವಲ್ದೇನು?”

“ನಿಮ್ಮಪ್ಪಂದು ನಿನಗ ಬಂತಪ್ಪಾ. ನನಗ ಯಾರದ ಬರ್ತೈತಿ?”

ಶರಣಕುಮಾರ ಮಜ್ಜಿಗೆ ಕುಡಿದು ಕೈ ತೊಳೆದು ಬಂದ. ಬಂದವನೇ ಸುಲಭದ ದಾರಿ ಸಿಕ್ಕವನಂತೆ ಹೇಳಿದ: “ಅಮೃತಾನ ಹೆಸರ ಹಾಕಿಬಿಡೋಣು. ಹೆಂಗೂ ಮನ್ಯಾಗಿನಾಕಿ.”

“ನಂದಾ?” ಅಮೃತಾ ನಕ್ಕುಬಿಟ್ಟಳು. “ನನಗ ಕ್ಯಾಮೆರಾ ಹಿಡ್ಯಾಕೂ ಬರಂಗಿಲ್ರೀ!”

“ಹೆಸರಿಗಿ ಏನೂ ಬರೋದು ಬ್ಯಾಡ,” ಎಂದಳು ಶೇಖರಮ್ಮ.

*

ಮೈಮುನಬಿಯ ಫ್ಲೆಕ್ಸ್ ಅಂಗಡಿಯಲ್ಲಿ ಶಿವಲೀಲಾ ನಿಂತೇ ಇದ್ದಳು. ಕೂತುಕೋ ಎಂದರೂ ಕೂರಲಿಲ್ಲ. ಪರದೆಯ ಮೇಲೆ ‘ಶಿವಲೀಲಾ’ ಅಳಿಸಿತು. ‘ಅಮೃತಾ’ ಬಂತು. ಅಕ್ಷರ ಕಡಿಮೆಯಾದ್ದರಿಂದ ಪಕ್ಕದಲ್ಲಿ ಜಾಗ ಉಳಿಯಿತು.

“ಇಲ್ಲೊಂದು ಗುಲಾಬಿ ಹಾಕಲ್ಯಾ ಈಗರ?” ಎಂದು ಮೈಮುನಬಿ ಮೆಲ್ಲಗೆ ಕೇಳಿದಳು.

“ಹಾಕು. ಬೇಕಾದ್ದ ಹಾಕು.”

ಗುಲಾಬಿ ಕೂತಿತು. ಮನೆಯಲ್ಲಿ ಎಲ್ಲರಿಗೂ ಈ ಕಾರ್ಡು ಮೊದಲಿನದಕ್ಕಿಂತ ಚಂದ ಕಂಡಿತು. ಶೇಖರಮ್ಮ ಹೊಸ ಕಾರ್ಡುಗಳಲ್ಲಿ ಒಂದನ್ನು ದೇವರ ಜಗುಲಿಯ ಮೇಲೆ ಇಟ್ಟು ವಿಭೂತಿ ಹಚ್ಚಿದಳು.

ಫ್ಲೆಕ್ಸಿಗೆ ಒಂದು ಫೋಟೋ ಬೇಕಾಗಿತ್ತು. ಅಮೃತಾ ರೇಷ್ಮೆ ಸೀರೆ ಉಟ್ಟು, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಳು. ಕ್ಯಾಮೆರಾ ಅವಳ ಕೈಯಲ್ಲಿ ಇದ್ದುದರಿಂದ ಶಿವಲೀಲಾ ಮೊಬೈಲಿನಲ್ಲಿ ತೆಗೆಯಬೇಕಾಯಿತು. ಲೆನ್ಸಿನ ಮುಚ್ಚಳ ಹಾಗೇ ಇದೆ ಎಂಬುದು ಅವಳಿಗೆ ಕಂಡಿತು. ಹೇಳಲಿಲ್ಲ. ಫ್ಲೆಕ್ಸ್ ಈಶಪ್ಪನ ಕಿರಾಣಿ ಅಂಗಡಿಯ ಮುಂದೆ ತೂಗಾಡಿತು. ಅದರೊಳಗಿನ ಅಮೃತಾ ಮುಚ್ಚಳ ಹಾಕಿದ ಕ್ಯಾಮೆರಾದಿಂದ ರಸ್ತೆಯಲ್ಲಿ ಹೋಗುವವರನ್ನೆಲ್ಲ ನೋಡುತ್ತಲೇ ಇದ್ದಳು. ಒಬ್ಬರೂ ಏನೂ ಅನ್ನಲಿಲ್ಲ.

ಉಡಿಯ ಉಪಾಯ ಮಾತ್ರ ಫಲಿಸಿತು. ಓಣಿಯ ಒಂದು ಕುಬಸದಲ್ಲಿ ಹಂಚಿದ ಕಾರ್ಡು ಇರಕಲ್ಲಗಡ ಮುಟ್ಟಿತು, ಅಲ್ಲಿಂದ ಮತ್ತೆ ಎರಡು ಹಳ್ಳಿ. ಕಾರ್ಡಿಗೆಂದೇ ತೆಗೆದುಕೊಂಡ ಹೊಸ ಸಿಮ್ಮಿನ ಫೋನು ಅಮೃತಾಳ ಹತ್ತಿರ ಇತ್ತು. “ಅಮೃತಾ ಫೋಟೋಗ್ರಫಿ, ಹೇಳ್ರಿ,” ಎನ್ನಲು ಅವಳು ಬೇಗ ಕಲಿತಳು.

ಇರಕಲ್ಲಗಡಕ್ಕೆ ಇಬ್ಬರೂ ಹೋದರು. ಬಾಗಿಲಲ್ಲೇ ಅಮೃತಾಳಿಗೆ ಅರಿಶಿನ ಕುಂಕುಮ ಕೊಟ್ಟು ಕುರ್ಚಿ ಹಾಕಿದರು. ಶಿವಲೀಲಾ ಬ್ಯಾಗು ಬಿಚ್ಚಿ, ಕಿಟಕಿ ತೆಗೆಸಿ, ಬಸುರಿ ಹುಡುಗಿಯ ಹತ್ತಿರ ಕೂತು ಎರಡು ಮಾತಾಡಿ ನಗಿಸಿ ಕೆಲಸ ಶುರುಮಾಡಿದಳು. ಗಂಡಸರ ಮುಂದೆ ಬಿಗಿದುಕೊಂಡು ಕೂರುವ ಹುಡುಗಿಯರು ಅವಳ ಮುಂದೆ ಹೊಟ್ಟೆಯ ಮೇಲೆ ಕೈಯಿಟ್ಟು ಆರಾಮಾಗಿ ಕೂರುತ್ತಿದ್ದರು. ಊಟದ ಹೊತ್ತಿಗೆ ಆ ಮನೆಯ ಅಜ್ಜಿ ಅಮೃತಾಳಿಗೆ ಹೇಳಿದಳು: “ನಿಮ್ಮ ಕೆಲಸದಾಕಿನೂ ಕರೀರಿ ಯವ್ವಾ, ಉಂಡಬಿಡ್ಲಿ.”

“ಕೆಲಸದಾಕಿ ಅಲ್ರಿ. ನಮ್ಮ ಮನಿಯವರ ಅಕ್ಕಾರು,” ಎಂದಳು ಅಮೃತಾ. ಅಷ್ಟೇ ಅಂದಳು.

ತಿಂಗಳು ಕಳೆಯುವಷ್ಟರಲ್ಲಿ ಅಮೃತಾಳ ಗಂಗಾವತಿಯ ತವರಿನವರು ಅವಳು ಸ್ಟೇಟಸ್ಸಿಗೆ ಹಾಕಿದ ಫೋಟೋ ನೋಡಿ ಫೋನಿನ ಮೇಲೆ ಫೋನು ಮಾಡತೊಡಗಿದರು. ಒಂದು ಬೆಳಿಗ್ಗೆ ಪಾತ್ರೆ ತಿಕ್ಕುತ್ತ ಶಿವಲೀಲಾ ಕೇಳಿದಳು:

“‘ನಾನು ತೆಗೆದದ್ದು’ ಅಂತ ಯಾಕ ಹಾಕಿದಿ ಅಮೃತಾ?”

“ಮತ್ತೇನಂತ ಹಾಕ್ಲಿ ಅಕ್ಕಾರ? ಕಾರ್ಡಿನ್ಯಾಗ ನನ್ನ ಹೆಸರೈತಿ. ಬ್ಯಾರೆಯವರು ತಗದಾರ ಅಂದ್ರ ಮಂದಿ ನಗಂಗಿಲ್ಲೇನ್ರಿ?”

“ನಾ ಬ್ಯಾರೆಯಾಕಿ?”

“ನೀವ ಹಿಂಗ ತಿರುವಿದ್ರ ನಾ ಏನ ಹೇಳ್ಲಿ. ನಾ ಕೇಳಿದ್ನೇನು ಹೆಸರಾ? ಬ್ಯಾಡಂದಿದ್ದೆ. ನೀವ ಎಲ್ಲಾರೂ ಕೂಡಿ ಕೊಟ್ರಿ. ಕೊಟ್ಟ ಮ್ಯಾಲ ಇಟ್ಕೋಬಾರದು ಅಂದ್ರ ಹೆಂಗ್ರಿ?”

ಒಳಗಿನಿಂದ ಶೇಖರಮ್ಮ ಕೂಗಿದಳು. “ಆಕಿ ಜೋಡಿ ಜಗಳಾ ತಗೀಬ್ಯಾಡ ಲೀಲಾ. ಆಕಿ ಈಗ ಎರಡು ಜೀವದಾಕಿ.”

ಅಮೃತಾ ಬಸುರಿ ಎಂಬುದು ಶಿವಲೀಲಾಳಿಗೆ ಗೊತ್ತಾಗಿದ್ದು ಹೀಗೆ. ಪಾತ್ರೆ ಅಲ್ಲಿಗೇ ಬಿಟ್ಟು, ಕೈ ಒರೆಸಿಕೊಂಡು ಬಂದು ಅಮೃತಾಳ ಗಲ್ಲ ಮುಟ್ಟಿದಳು. “ನನಗ ಯಾಕ ಹೇಳಲಿಲ್ಲ?”

ಅಮೃತಾ ಅತ್ತೆ ಇದ್ದ ಕಡೆ ನೋಡಿದಳು.

*

ಗಾಡಿಯ ಮೇಲೆ ಓಡಾಡಬಾರದು ಎಂದು ಡಾಕ್ಟರು ಅಮೃತಾಳಿಗೆ ಹೇಳಿದರು. ಹಿಟ್ನಾಳದ ಕೆಲಸಕ್ಕೆ ಶಿವಲೀಲಾ ಒಬ್ಬಳೇ ಬಸ್ಸಿನಲ್ಲಿ ಹೋದಳು. ಅಂಗಳದಲ್ಲೇ ಒಬ್ಬ ದಪ್ಪನೆಯ ಹೆಂಗಸು ಎದುರು ಬಂದು ಕೈ ಹಿಡಿದುಕೊಂಡಳು.

“ಬರ್ರಿ ಅಮೃತಕ್ಕಾರ! ನಿಮ್ಮ ದಾರೀನ ಕಾಯಾಕತ್ತಿದ್ವಿ. ಅಯ್ಯ, ಬಿಸಲಾಗ ಬಂದು ಬೆವರಿಗಿ ಕುಂಕುಮ ಅಳಿಸೇತಿ ನೋಡ್ರಿ.”

ಶಿವಲೀಲಾ ಬಾಯಿ ತೆರೆದಳು. ಸುತ್ತ ಹೆಂಗಸರು ಆಗಲೇ ತಟ್ಟೆ ಹಿಡಿದು ನಿಂತಿದ್ದರು. ಒಳಗೆ ಚೊಚ್ಚಲ ಬಸುರಿ ಮಣೆಯ ಮೇಲೆ ಕೂತು ಬಾಗಿಲು ನೋಡುತ್ತಿದ್ದಳು. ಈಗ ಹೇಳಿದರೆ ಆ ಹುಡುಗಿಯ ಮುಖ ಏನಾಗುತ್ತದೆ ಎಂದು ಶಿವಲೀಲಾಳಿಗೆ ಗೊತ್ತಿತ್ತು. ಅಷ್ಟರಲ್ಲಿ ಆ ಹೆಂಗಸಿನ ಕುಂಕುಮದ ಹೆಬ್ಬೆರಳು ಹಣೆಗೆ ಬಂತು. ಅವಳು ತಲೆ ತಗ್ಗಿಸಿದಳು.

ಕೊನೆಗೆ ಎಲ್ಲ ಮುತ್ತೈದೆಯರ ಜೊತೆ ಅವಳಿಗೂ ಉಡಿ ತುಂಬಿದರು. ಎರಡು ವರ್ಷದಿಂದ ಅವಳ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕ್ಯಾಮೆರಾದ ಬ್ಯಾಗು ಕಾಲ ಹತ್ತಿರ ಇತ್ತು.

ಮನೆಯಲ್ಲಿ ಶೇಖರಮ್ಮ ಮಗಳ ಹಣೆ ನೋಡಿದಳು. ಆಮೇಲೆ ಗಂಟು ನೋಡಿದಳು.

“ಏನಿದು?”

“ಉಡಿ.”

“ಯಾರ ಉಡಿ?”

ಶಿವಲೀಲಾ ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಒಂದು ರವಿಕೆಯ ಕಣ. ನಡುವೆ ಗುಲಾಬಿ ಹೂವಿನ ಕಾರ್ಡು. “ಓದಿ ನೋಡು. ಅಮೃತಾಂದು.”

“ಸುಳ್ಳ ಹೇಳಿ ಉಡಿ ತುಂಬಿಸಿಕೊಂಡೇನು? ಚೊಚ್ಚಲ ಬಸರಿ ಮುಂದ? ಆ ಕೂಸಿಗಿ ಏನರ ಹೆಚ್ಚು ಕಡಿಮಿ ಆದ್ರ ಯಾರ ತಲಿಮ್ಯಾಲ ಬರತೈತಿ?”

“ಸುಳ್ಳು ಹೇಳಿದ್ದು ನಾನಲ್ಲ. ಕಾರ್ಡು ಹೇಳೇತಿ. ಅದಕ್ಕ ವಿಭೂತಿ ಹಚ್ಚಿದಾಕಿ ನೀನು.”

“ಬಾಯಿ ಮುಚ್ಚು.” ಶೇಖರಮ್ಮ ಅಕ್ಕಿಯನ್ನು ಮೊರಕ್ಕೆ ಸುರುವಿಕೊಂಡಳು. “ಈ ಅಕ್ಕಿ ನನ್ನ ಒಲಿ ಮ್ಯಾಲ ಬ್ಯಾಡ.” ಹೊರಗೆ ಹೋಗಿ ಓಣಿಯ ಆಕಳಿಗೆ ಹಾಕಿ ಬಂದಳು. ಕೊಬ್ಬರಿ ಬಟ್ಟಲನ್ನು ಮಾತ್ರ ಹಾಕಲಿಲ್ಲ. ಅದನ್ನು ಡಬ್ಬಿಯಲ್ಲಿ ಇಟ್ಟಳು. ಮರುದಿನದ ಚಟ್ನಿಗೆ ಅದೇ ಬಿತ್ತು.

ಹಿಟ್ನಾಳದ ಕೆಲಸದ ರೊಕ್ಕದಲ್ಲಿ ಶರಣಕುಮಾರ ಹೆಂಡತಿಗೆ ಟಾನಿಕ್ಕು ತಂದ. ಅಕ್ಕನಿಗೆ ಹೊಸ ಮೆಮೊರಿ ಕಾರ್ಡು ತರುತ್ತೇನೆ ಅಂದಿದ್ದ, ಮರೆತು ಬಂದ.

*

ಏಳು ತಿಂಗಳಿಗೆ ಅಮೃತಾಳ ಕುಬಸ ಎಂದು ನಿಶ್ಚಯವಾಯಿತು. ಗಂಗಾವತಿಯಿಂದ ತವರಿನವರು ಹಸಿರು ಸೀರೆ, ಬುತ್ತಿ ತಗೊಂಡು ಬರುವವರಿದ್ದರು. ಶಿವಲೀಲಾಳ ಮನಸ್ಸಿನಲ್ಲಿ ಅಮೃತಾಳ ಮೇಲಿನ ಸಿಟ್ಟು ಇತ್ತು, ಆದರೆ ಆ ಹೊಟ್ಟೆಯ ಮೇಲೆ ಇರಲಿಲ್ಲ. ಪಡಸಾಲೆಯಲ್ಲಿ ಕುರ್ಚಿ ಎಲ್ಲಿ ಇಡಬೇಕು, ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಎರಡು ದಿನ ನೋಡಿದಳು. ಬ್ಯಾಟರಿ ಚಾರ್ಜಿಗೆ ಹಾಕಿದಳು. ಕಿಟಕಿಗೆ ತನ್ನ ಹಳೆಯ ಬಿಳಿ ವಾಯಿಲ್ ಸೀರೆ ಕಟ್ಟಿದಳು.

ಕುಬಸದ ದಿನ ಬೆಳಿಗ್ಗೆ ಮಂಡಕ್ಕಿ ಸೂಸಲ ತಿನ್ನುವಾಗ ಶೇಖರಮ್ಮ ಆ ಸೀರೆಯತ್ತ ನೋಡಿದಳು.

“ಅದನ್ನ ಬಿಚ್ಚು. ಶುಭಕಾರ್ಯಕ್ಕ ಬಿಳಿ ಅರಿವಿ ಕಟ್ತಾರೇನು?”

“ಬೆಳಕು ಮೆತ್ತಗ ಬರ್ತೈತವ್ವಾ. ಫೋಟೋ ಮುಗದ ಕೂಡಲೆ ಬಿಚ್ಚತೀನಿ.”

ಶೇಖರಮ್ಮ ಮಗನ ಮುಖ ನೋಡಿದಳು. ಶರಣಕುಮಾರ ತಟ್ಟೆಯಲ್ಲಿ ಮೆಣಸಿನಕಾಯಿ ಹುಡುಕುತ್ತಿದ್ದ.

“ಅಕ್ಕಾ... ಬೀಗರು ಗಂಗಾವತಿಯಿಂದ ಫೋಟೋದವನ್ನ ಕರಕೊಂಡ ಬರಾಕತ್ತಾರ. ಮಾತಾಡಿಬಿಟ್ಟಾರ.”

“ಮನ್ಯಾಗ ನಾ ಇದ್ದಾಗ?”

“ಅಮೃತಾನ ಅವ್ವ ಅಂದ್ಲು. ಚೊಚ್ಚಲ... ನಿನಗ ಗೊತ್ತೈತೆಲ್ಲ.”

“ನನಗೇನು ಗೊತ್ತಿಲ್ಲ. ಬಾಯಿಬಿಟ್ಟ ಹೇಳು.”

ಈಶಪ್ಪ ಅಂಗಡಿಯ ಕೀಲಿ ತೆಗೆದುಕೊಂಡು ಎದ್ದ. ಕುಬಸದ ದಿನ ಅಂಗಡಿ ತೆರೆಯುವುದಿಲ್ಲ ಎಂದು ಅವನೇ ಹಿಂದಿನ ದಿನ ಹೇಳಿದ್ದ.

“ಅಪ್ಪಾ, ಕುಂದ್ರು,” ಎಂದಳು ಶಿವಲೀಲಾ. ಈಶಪ್ಪ ಕೂರಲಿಲ್ಲ, ಹೋಗಲೂ ಇಲ್ಲ. “ಇರಕಲ್ಲಗಡದ ಹುಡುಗಿ ಯಾರದೋ ಮಗಳು. ಹಿಟ್ನಾಳದಾಕಿ ಯಾರದೋ ಮಗಳು. ಅವರ ಹೊಟ್ಟಿಮ್ಯಾಲ ನನ್ನ ಕಣ್ಣ ಬಿದ್ರ ನಡೀತೈತಿ. ಅದರ ರೊಕ್ಕ ನಡೀತೈತಿ. ನಮ್ಮ ಮನಿ ಕೂಸಿನ ಮ್ಯಾಲ ಬೀಳಬಾರದು. ಹೌದಿಲ್ಲೋ?”

“ಮಂದಿಗಿ ಗೊತ್ತಿಲ್ಲ. ಗೊತ್ತಿಲ್ಲದ್ದು ತಟ್ಟಂಗಿಲ್ಲ,” ಎಂದಳು ಶೇಖರಮ್ಮ. “ನಮಗ ಗೊತ್ತೈತಿ.”

“ಅಮೃತಾ, ನೀ ಏನಂತಿ?”

ಅಮೃತಾ ಸೂಸಲ ಕಲೆಸುತ್ತಲೇ ಇದ್ದಳು. “ನಾ ಏನ ಅನ್ನಲ್ರಿ ಅಕ್ಕಾರ. ದೊಡ್ಡವರದೀರಿ,” ಎಂದಳು. ಅವಳ ಇನ್ನೊಂದು ಕೈ ತಾನಾಗಿಯೇ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಿತು. ಶಿವಲೀಲಾ ಅದನ್ನು ನೋಡಿದಳು. ಎದ್ದು ಹೋಗಿ ಕಿಟಕಿಯ ಸೀರೆ ಬಿಚ್ಚಿ ಮಡಚಿದಳು.

ಆ ದಿನ ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೋಳಿಗೆ ಬೇಯಿಸಿದಳು. ಪಡಸಾಲೆಯಲ್ಲಿ ಗಂಗಾವತಿಯ ಹುಡುಗ, “ಮೇಡಮ್, ನೀವ ಫೋಟೋಗ್ರಾಫರ್ ಅಂತಲ್ರಿ, ಹೆಂಗ ತಗೀಲಿ ಹೇಳ್ರಿ,” ಎಂದಿದ್ದು, ಹೆಂಗಸರೆಲ್ಲ ನಕ್ಕಿದ್ದು, ಅಮೃತಾ “ನಿಮಗ ತಿಳಿದಂಗ ತಗೀರಿ” ಎಂದಿದ್ದು ಕೇಳಿಸಿತು. ಸಂಜೆ ಬೀಗರೆಲ್ಲ ಹೊರಡುವಾಗ ಅಮೃತಾಳೂ ಬಾಣಂತನಕ್ಕೆಂದು ಅವರ ಜೊತೆ ಹೊರಟಳು. ಹೊರಡುವ ಮೊದಲು ಅಡುಗೆಮನೆಗೆ ಬಂದು ಆ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟಳು.

“ಫೋನ್ ಬಂದ್ರ ನೋಡ್ಕೋರಿ ಅಕ್ಕಾರ.”

“ಆ ಹೆಸರಲೆ ನಾ ಇನ್ನ ಹೋಗಂಗಿಲ್ಲ.”

“ನಿಮ್ಮ ಖುಷಿರಿ.” ಅಮೃತಾ ಬಗ್ಗಿ ಕಾಲು ಮುಟ್ಟಲು ಹೋದಳು. ಶೇಖರಮ್ಮ ಬಾಗಿಲಿನಿಂದ, “ಹೊತ್ತಾತು, ನಡಿಯವ್ವಾ,” ಎಂದಳು.

*

ಶಿವಲೀಲಾ ಮೈಮುನಬಿಯ ಹತ್ತಿರ ಹೋಗಿ ಮೊದಲಿನ ಮಾದರಿಯನ್ನೇ ತೆಗೆಸಿದಳು. ಬಿಳಿಯ ಕಾರ್ಡು, ತೊಟ್ಟಿಲು, ತನ್ನ ಹೆಸರು, ತನ್ನದೇ ನಂಬರು. ಬಳೆ ಮಾರುವ ಬಾಷಾಬಿಗೆ ಕೊಟ್ಟಳು, ಸೀರೆ ಅಂಗಡಿಗೆ ಕೊಟ್ಟಳು, ಆಸ್ಪತ್ರೆಯ ನರ್ಸಮ್ಮನಿಗೆ ಕೊಟ್ಟಳು. ಯಾರೂ ಬೇಡ ಎನ್ನಲಿಲ್ಲ. ಯಾರೂ ಫೋನು ಮಾಡಲೂ ಇಲ್ಲ. “ನಿಮ್ಮ ಅಮೃತಾಂದು ಕಾರ್ಡ್ ಇದ್ರ ಕೊಡಕ್ಕಾ, ಅದನ್ನ ಕೇಳ್ತಾರ,” ಎಂದಳು ಬಾಷಾಬಿ. ತೆಗೆದ ಫೋಟೋಗಳೆಲ್ಲ ಊರೂರಿನಲ್ಲಿ ಅಮೃತಾಳ ಹೆಸರಿನಲ್ಲಿ ಗೋಡೆಗೆ ತೂಗುಬಿದ್ದಿದ್ದವು.

ಹಿಟ್ಟಿನ ಡಬ್ಬಿಯ ಮೇಲಿನ ಫೋನು ಒಮ್ಮೆ ರಿಂಗಾದಾಗ ಶಿವಲೀಲಾ ಎತ್ತಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮೃತಾ ತವರಿಗೆ ಹೋಗಿದ್ದಾಳೆ, ಫೋಟೋ ತೆಗೆಯುವವಳು ನಾನೇ, ನನ್ನ ಹೆಸರು ಶಿವಲೀಲಾ. ಆ ಕಡೆಯ ಹೆಂಗಸು, “ನಿಮ್ಮ ಯಜಮಾನ್ರು ಏನ ಮಾಡ್ತಾರ್ರಿ?” ಎಂದು ಕೇಳಿದಳು. ಉತ್ತರ ಕೇಳಿದ ಮೇಲೆ, “ಇರ್ಲಿ ತಗೋರಿ, ಅಮೃತಕ್ಕಾರು ಬಂದ ಮ್ಯಾಲ ನೋಡೋಣು,” ಎಂದಳು.

ಇದಾದ ಕೆಲವು ದಿನಗಳಿಗೆ ಶರಣಕುಮಾರ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತ ಮಾತು ತೆಗೆದ.

“ಅಕ್ಕಾ, ಕ್ಯಾಮೆರಾ ಸುಮ್ನ ಕುಂತ್ರ ಬೂಜ ಹಿಡಿತೈತಿ. ಗಂಗಾವತಿ ಫೋಟೋದ ಹುಡುಗ ರೊಕ್ಕಕ್ಕ ಕೊಡತೀರೇನು ಅಂತ ಕೇಳಾಕತ್ತಾನ. ಹೆರಿಗಿ ಖರ್ಚು ಬ್ಯಾರೆ ಬಂದೈತಿ.”

“ನಂದದು.”

“ನಿಂದ, ಯಾರ ಇಲ್ಲಂದ್ರು? ಕೆಲಸಕ್ಕ ಬರಲಾರದ್ದು ಇಟ್ಕೊಂಡು ಏನ ಮಾಡ್ತಿ? ಮನ್ಯಾಗ ಊಟಕ್ಕೇನು ಕಡಿಮಿ ಐತಿ ನಿನಗ?”

ಶಿವಲೀಲಾ ಅಪ್ಪನನ್ನು ನೋಡಿದಳು. ಈಶಪ್ಪ, “ಸೋಮವಾರ ನೋಡೋಣ ತಗೊ,” ಎಂದ. ಅವನು ಹಾಗೆಂದರೆ ಒಪ್ಪಿದ್ದಾನೆ ಎಂದೇ ಅರ್ಥ. ಶೇಖರಮ್ಮ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು. ತಿರುಗಿ ಗಂಡನ ಮುಖ, ಮಗನ ಮುಖ ನೋಡಿದಳು.

ಭಾನುವಾರ ಬೆಳಿಗ್ಗೆ ಫೋನು ಮತ್ತೆ ರಿಂಗಾಯಿತು. ಅಡುಗೆಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ಫೋನು ನಿಂತಿತು. ಮತ್ತೆ ರಿಂಗಾಯಿತು. ಶಿವಲೀಲಾ ಎತ್ತಿಕೊಂಡಳು.

“ಅಮೃತಕ್ಕಾರೇನ್ರಿ? ನಾವು ಯಲಬುರ್ಗಾ ಕಡೆ ಮಂಗಳೂರು ಅಂತ ಹಳ್ಳಿ ಐತೆಲ್ಲ, ಅಲ್ಲಿಂದ್ರಿ. ನಾಡಿದ್ದ ನಮ್ಮ ಸೊಸಿ ಕುಬಸೈತ್ರಿ. ಹಿಟ್ನಾಳದಾಗ ನಿಮ್ಮ ಫೋಟೋ ನೋಡಿದ್ವಿ. ನೀವ ಬರಬೇಕು ನೋಡ್ರಿ.”

ಶಿವಲೀಲಾ ಗೋಡೆಯ ಕಡೆ ತಿರುಗಿದಳು.

“ಅಮೃತಕ್ಕಾರ? ಕೇಳಸ್ತೈತೇನ್ರಿ?”

“ಹೂಂನ್ರಿ,” ಎಂದಳು ಶಿವಲೀಲಾ. “ಅಮೃತಾನ ಮಾತಾಡೋದು. ಬರ್ತೀನ್ರಿ.”

ಫೋನು ಇಟ್ಟು ತಿರುಗಿದಾಗ ಶೇಖರಮ್ಮ ಹಿಟ್ಟಿನ ಕೈ ತೊಳೆದುಕೊಳ್ಳುತ್ತಿದ್ದಳು. ಈಗ ಬೈಗುಳ ಶುರುವಾಗುತ್ತದೆ ಎಂದು ಶಿವಲೀಲಾ ಕಾದಳು.

“ಯಾವೂರು?”

“ಮಂಗಳೂರು.”

“ಯಾರರ ಗುರತಿನವರು ಅದಾರೇನು ಅಲ್ಲೆ?”

“ಇಲ್ಲ.”

“ಹಂಗಾರ ಛಲೋ ಆತು.” ಶೇಖರಮ್ಮ ಒಳಕೋಣೆಗೆ ಹೋಗಿ ಅಮೃತಾಳ ಗೂಡಿನಿಂದ ಒಂದು ಕಾಗದದ ಪೊಟ್ಟಣ ತಂದಳು. ಬಿಚ್ಚಿದಾಗ ಒಳಗೆ ಹಸಿರು ಗಾಜಿನ ಬಳೆಗಳಿದ್ದವು. “ಬೋಳಗೈಲೆ ಹೋಗಬ್ಯಾಡ. ಹಣಿಗಿ ದೊಡ್ಡದಾಗಿ ಕುಂಕುಮ ಹಚ್ಕೊ. ಗಂಡ ಏನ ಮಾಡ್ತಾನ ಅಂದ್ರ ಫ್ಯಾಕ್ಟರ್ಯಾಗ ಅದಾನ ಅನ್ನು.”

“ಅವ್ವಾ.”

“ನಾವು ಸತ್ತ ಮ್ಯಾಲ ನಿನ್ನ ಯಾರೂ ನೋಡಂಗಿಲ್ಲ. ನಾ ನೋಡೀನಿ ಮನ್ನೆ ಕ್ಯಾಮೆರಾದ ಮಾತ ಬಂದಾಗ, ಅಪ್ಪ ಮಗನ ಮಾರಿ. ಬಾ ಇಲ್ಲೆ.”

ಮಗಳನ್ನು ಮಣೆಯ ಮೇಲೆ ಕೂರಿಸಿ, ಅವಳ ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಸೋಪಿನ ನೀರು ಹಚ್ಚಿದಳು. ಅಮೃತಾಳ ಕೈ ಸಣ್ಣದು. ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು. ಶೇಖರಮ್ಮ ಬೆರಳುಗಳನ್ನು ಒಟ್ಟಿಗೆ ಹಿಂಡಿ ಹಿಡಿದು ಒತ್ತಿದಳು.

“ನೋವಾಕ್ಕೈತಬೇ.”

“ಆಗಲಿ.”

ಒಂದು ಇಳಿಯಿತು. ಅದರ ಹಿಂದೆ ಮತ್ತೊಂದು. ಕೈ ಕೆಂಪಾಯಿತು. ಶೇಖರಮ್ಮ ಆ ಕೈಯನ್ನು ಸೆರಗಿನಿಂದ ಒರೆಸಿ ಬಿಟ್ಟಳು, ಮಗಳ ಮುಖ ನೋಡಲಿಲ್ಲ.

“ಇನ್ನೊಂದು ಕೈ ಕೊಡು,” ಎಂದಳು.